ನಿದ್ದೆಗೆಟ್ಟ ಹರಳು

ಟುರ್ನೊವ್
ಅಕ್ಟೋಬರ್ 20, 2019

ಪ್ರೀತಿಯ ಆಲೆನಕ್ಕ,

ಲಕೋಟೆಯ ಮೇಲಿನ ಅಕ್ಷರ ನನ್ನದೆಂದು ತಿಳಿದ ಕೂಡಲೇ ಇದನ್ನು ಒಲೆಗೆ ಹಾಕಬೇಡ. ಫೋನಿನಲ್ಲಿ ನಾನು ಅಣಬೆಯ ಮಾತು ತೆಗೆದರೆ ಸಾಕು, "ಒಲೆ ಮೇಲೆ ಹಾಲಿದೆ" ಎಂದು ಇಟ್ಟುಬಿಡುತ್ತೀ. ಎರಡು ವರ್ಷದಿಂದ ನಿನ್ನ ಒಲೆಯ ಮೇಲೆ ಅದೇ ಹಾಲು ಕಾಯುತ್ತಿದೆ. ಕಾಗದವನ್ನು ಅರ್ಧಕ್ಕೆ ಬಿಟ್ಟರೂ ಉಳಿದರ್ಧ ಮೇಜಿನ ಮೇಲೆ ಬಿದ್ದಿರುತ್ತದೆ, ಇನ್ನೊಮ್ಮೆ ಹಾದುಹೋಗುವಾಗ ಓದಬಹುದು. ಅದಕ್ಕೇ ಬರೆಯಲು ಕುಳಿತೆ.

ಸುತ್ತಿ ಬಳಸಿ ಹೇಳುವುದಿಲ್ಲ. ಎರಡು ವರ್ಷದ ಹಿಂದೆ ಕ್ರಿಸ್‌ಮಸ್ ಹಿಂದಿನ ಸಂಜೆ, ನಮ್ಮ ಮನೆಯಲ್ಲಿ, ನನ್ನ ಗಂಡ ಮಹಾರಾಯ ಕಾಮಿಲ್ ನಿನ್ನ ಒಣ ಅಣಬೆಯ ವಿಕಿರಣ ಅಳೆದು ಹೇಳಿದ ಅಂಕಿ ತಪ್ಪು. ಸ್ವಲ್ಪ ಆಚೀಚೆ ಆದದ್ದಲ್ಲ, ಪೂರ್ತಿ ತಪ್ಪು. ಲುಬೋಶ್ ಭಾವನನ್ನು ಒಯ್ದ ರಕ್ತದ ಕಾಯಿಲೆಗೆ ನಿನ್ನ ಅಡುಗೆಯೇ ಕಾರಣ, ವರ್ಷಗಟ್ಟಲೆ ನಿನ್ನ ಕೈಯಾರೆ ಅವನಿಗೆ ವಿಷ ಬಡಿಸಿದೆ ಎಂದು ನೀನು ಆವತ್ತಿನಿಂದ ನಂಬಿಕೊಂಡಿದ್ದೀ. ಆ ನಂಬಿಕೆ ನಿಂತಿರುವುದು ಆ ಒಂದು ಅಂಕಿಯ ಮೇಲೆ. ಅದು ತಪ್ಪಾದದ್ದು ಹೇಗೆಂದು ನನಗೆ ಗೊತ್ತಾದದ್ದು ಹೋದ ಮಂಗಳವಾರ.

ಮೊದಲು ನಮ್ಮ ಕೆಲಸದ ಬಗ್ಗೆ ಒಂದು ಮಾತು. ನಾವು ಗಾಜು ಮಾಡುತ್ತೇವೆ ಎಂದೇ ನೀನು ನಿನ್ನ ಊರಿನವರಿಗೆ ಹೇಳಿಕೊಂಡು ಬಂದಿದ್ದೀ. ಅದು ಗಾಜಲ್ಲ. ಲುಟೀಷಿಯಂ, ಇಟ್ರಿಯಂ ಎಂಬ ಅಪರೂಪದ ಲೋಹಗಳ ಆಕ್ಸೈಡ್ ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ, ಕರಗಿದ್ದಕ್ಕೆ ಒಂದು ಚೂರು ಹರಳನ್ನು ತಾಗಿಸಿ, ತಿರುಗಿಸುತ್ತ ಬಹಳ ನಿಧಾನವಾಗಿ ಮೇಲಕ್ಕೆ ಎಳೆಯುತ್ತಾರೆ. ಮೂಲಂಗಿ ಕಿತ್ತಂತೆ, ಆದರೆ ಆ ಮೂಲಂಗಿ ಕೀಳುವಾಗಲೇ ಬೆಳೆಯುತ್ತದೆ. ಹೀಗೆ ಬೆಳೆದ ಹರಳಿಗೆ ವಿಕಿರಣ ತಾಗಿದರೆ ಒಳಗೇ ಒಮ್ಮೆ ಮಿನುಗುತ್ತದೆ. ಆ ಮಿನುಗನ್ನು ಎಣಿಸುವ ಸಾಧನವನ್ನು ಹಿಂದೆ ಅಂಟಿಸಿದರೆ ವಿಕಿರಣ ಎಷ್ಟಿದೆ ಎಂದು ತಿಳಿಯುತ್ತದೆ. ಪಿಲ್ಸೆನ್ ಆಸ್ಪತ್ರೆಯಲ್ಲಿ ಭಾವನನ್ನು ದೊಡ್ಡ ಬಳೆಯಂಥ ಯಂತ್ರದೊಳಗೆ ಮಲಗಿಸಿದ್ದರಲ್ಲ, ಅದರ ಸುತ್ತ ಜೋಡಿಸಿದ್ದೂ ಇಂಥವೇ ಹರಳುಗಳು. ಕಾಮಿಲ್ ಅವನ್ನು ಕತ್ತರಿಸಿ ಹೊಳಪು ಕೊಡುತ್ತಾನೆ, ಅವನ ಅಜ್ಜ ಕೆಂಪು ಗಾರ್ನೆಟ್ ಕಲ್ಲಿಗೆ ಕೊಡುತ್ತಿದ್ದ ಹಾಗೆ. ನನ್ನದು ಅಳೆಯುವ ಕೆಲಸ. ಆವತ್ತು ಅವನು ಅಣಬೆಗೆ ಹಿಡಿದದ್ದು, ಕತ್ತರಿಸಿ ಉಳಿದ ಅಂಥದೊಂದು ಹರಳನ್ನು ಬಿಳಿ ಟೇಪಿನಲ್ಲಿ ಸುತ್ತಿ, ಟೀ ಡಬ್ಬಿಯಲ್ಲಿ ಕೂರಿಸಿ ತಾನೇ ಮಾಡಿಕೊಂಡ ಎಣಿಸುವ ಸಾಧನವನ್ನು.

ಅಳೆಯುವ ಕೋಣೆಯಲ್ಲಿ ಒಂದು ಕಟ್ಟುನಿಟ್ಟು ಇದೆ. ಯಾವ ಹರಳನ್ನಾದರೂ ಹಿಂದಿನ ದಿನವೇ ಕಪ್ಪು ಡಬ್ಬಿಯಲ್ಲಿಟ್ಟು ಮುಚ್ಚಬೇಕು. ನಾವು ಅದನ್ನು ಮಲಗಿಸುವುದು ಎನ್ನುತ್ತೇವೆ. ಬಿಸಿಲು ಕಂಡ ಹರಳು ಆ ಬೆಳಕನ್ನು ಒಳಗೆ ಹಿಡಿದಿಟ್ಟುಕೊಂಡು, ಗಂಟೆಗಟ್ಟಲೆ ಚೂರುಚೂರಾಗಿ ಹೊರಗೆ ಬಿಡುತ್ತಿರುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ಎಣಿಸುವ ಸಾಧನಕ್ಕೆ ಕಾಣುತ್ತದೆ. ಅದು ಎಲ್ಲವನ್ನೂ ವಿಕಿರಣವೆಂದೇ ಲೆಕ್ಕ ಹಿಡಿಯುತ್ತದೆ. ಕಾಮಿಲ್‌ಗೆ ಇದು ಗೊತ್ತಿರಲಿಲ್ಲ. ಅವನು ಕೆಲಸ ಮಾಡುವುದೇ ದೊಡ್ಡ ದೀಪದ ಕೆಳಗೆ, ಅವನ ಕೈಯಲ್ಲಿ ಹರಳು ಎಂದೂ ಮಲಗಿದ್ದಿಲ್ಲ.

ಈಗ ಮಂಗಳವಾರದ ಸಂಗತಿ. ಈ ಬೇಸಿಗೆಯಲ್ಲಿ ನಮ್ಮ ಕೋಣೆಗೆ ದಾಶಾ ಎಂಬವಳು ಬಂದಿದ್ದಾಳೆ, ನನಗಿಂತ ದೊಡ್ಡವಳು, ಗಾಜಿನ ಕಾರ್ಖಾನೆಯಲ್ಲಿ ತಲೆ ಹಣ್ಣು ಮಾಡಿಕೊಂಡವಳು. ಅಲ್ಲಿ ಎಲ್ಲವನ್ನೂ ಬೆಳಕಿಗೆ ಹಿಡಿದೇ ನೋಡುವುದು. ಆವತ್ತು ಅವಳು ಪರದೆ ಸರಿಸಿ, ಹರಳಿನ ತಟ್ಟೆಯನ್ನು ಕಿಟಕಿಯಲ್ಲಿಟ್ಟು, ಕಾಫಿ ಕುಡಿದು ಬಂದು, ಹಾಗೇ ಅಳತೆಗೆ ಇಟ್ಟಳು. ಅಂಕಿಗಳು ಮುಗಿಲು ಮುಟ್ಟಿದವು. ನಾನು ರೇಗಿದೆ.

"ದಾಶಾ, ಎಷ್ಟು ಸಲ ಬಡ್ಕೊಂಡಿದೀನಿ ನಾನು? ಮಲಗದೇ ಇರೋ ಹರಳನ್ನ ಅಳೀಬಾರ್ದು ಅಂತ. ಬಿಸಿಲಿಂದ ತಂದು ನೇರ ಇಟ್ರೆ ಅದು ಬಾಯಿಗೆ ಬಂದಿದ್ದು ಹೇಳತ್ತೆ."

ಅವಳೇನು ಸುಮ್ಮನಿರುವವಳಲ್ಲ. "ಆಯ್ತು ಕಣೇ ತಾಯಿ, ಕಲ್ಲಿಗೂ ಜೋಗುಳ ಹಾಡೋ ಜಾಗ ಇದು ಅಂತ ನಂಗೆ ಮರ್ತೋಯ್ತು. ಚೆಂದ ಕಾಣ್ತು, ಕಿಟಕೀಲಿಟ್ಟೆ. ಯಾರಾದ್ರೂ ಇಡ್ತಾರೆ."

ಯಾರಾದರೂ ಇಡುತ್ತಾರೆ. ಬೈಯುತ್ತಿದ್ದವಳು ಮೇಜಿಗೆ ಕೈಯೂರಿದೆ, ಅಕ್ಕ. ಆ ಹಬ್ಬದ ದಿನದ ನಮ್ಮ ಅಡುಗೆಮನೆಯ ಕಿಟಕಿ ಕಣ್ಣ ಮುಂದೆ ಬಂತು. ದಾಶಾ ನನಗೆ ತಲೆ ಸುತ್ತಿತೆಂದು ತಿಳಿದು ಕುರ್ಚಿ ಎಳೆದು ಕೊಟ್ಟಳು.

ಮನೆಗೆ ಬಂದಾಗ ಕಾಮಿಲ್ ಆಲೂಗೆಡ್ಡೆ ಸುಲಿಯುತ್ತಿದ್ದ. ಕೋಟು ಬಿಚ್ಚದೆಯೇ ಕೇಳಿದೆ.

"ಅಕ್ಕ ಎದ್ದು ಹೋದ್ಲಲ್ಲ, ಆ ಕ್ರಿಸ್‌ಮಸ್ಸು. ಆ ದಿನ ಮಧ್ಯಾಹ್ನ ನಿನ್ನ ಹರಳು ಎಲ್ಲಿತ್ತು?"

"ಎಲ್ಲಿರತ್ತೆ? ಟೀ ಡಬ್ಬೀಲಿ."

"ಕಾಮಿಲ್."

ಅವನು ಚಾಕು ಕೆಳಗಿಟ್ಟ. ಕೈ ಒರೆಸಿಕೊಂಡು ಹೇಳಿದ: "ಅತ್ತಿಗೆನೇ ಕೇಳಿದ್ರು, ಏನೋ ಅದು ತೋರ್ಸು ಅಂತ. ಬಿಳಿ ಟೇಪ್ ಬಿಚ್ಚಿ ಕೈಗೆ ಕೊಟ್ಟೆ. ಬಿಸಿಲಿಗೆ ಹಿಡಿದು, ಕಲ್ಲುಸಕ್ಕರೆ ಥರ ಇದೆಯಲ್ಲೋ, ನೆಕ್ಕಲಾ ಅಂದ್ರು. ಭಾವ ಹೋದ್ಮೇಲೆ ಅವ್ರು ನಕ್ಕಿದ್ದು ಅದೇ ಮೊದಲು. ವಾಪಸ್ ಇಸ್ಕೊಳ್ಳೋಕೆ ಮನಸ್ಸಾಗ್ಲಿಲ್ಲ. ಕಿಟಕೀಲಿಟ್ರು, ಅಲ್ಲೇ ಇರ್ಲಿ ಅಂತ ಬಿಟ್ಟೆ."

ಆವತ್ತು ಬೆಳಿಗ್ಗೆ ಅವನು ಬಾರ್ಲಿ, ಗಸಗಸೆ, ಬೆಳ್ಳುಳ್ಳಿ ಎಲ್ಲವನ್ನೂ ಅಳೆದಿದ್ದ. ಹಬ್ಬದೂಟಕ್ಕೆಂದು ಸ್ನಾನದ ತೊಟ್ಟಿಯಲ್ಲಿ ಜೀವಂತ ಬಿಟ್ಟಿದ್ದ ಕಾರ್ಪ್ ಮೀನನ್ನೂ ಅಳೆಯಲು ಹೋಗಿ ಅಂಗಿ ತೋಯಿಸಿಕೊಂಡು ಬೈಸಿಕೊಂಡದ್ದು ನನಗೆ ನೆನಪಿದೆ. ಯಾವುದರಲ್ಲೂ ಏನೂ ಇರಲಿಲ್ಲ, ಏಕೆಂದರೆ ಆಗ ಹರಳು ಕತ್ತಲಲ್ಲಿತ್ತು. ನೀನು ಮಧ್ಯಾಹ್ನದ ರೈಲಿಗೆ ಬಂದೆ. ಹರಳು ಕಿಟಕಿಯಲ್ಲಿ, ಹೊರಗಿನ ಹಿಮಕ್ಕೆ ತಾಗಿ ಬರುವ ಬಿಸಿಲಿನಲ್ಲಿ ಸಂಜೆಯವರೆಗೆ ಕುಳಿತಿತ್ತು. ಊಟಕ್ಕೆ ಮುಂಚೆ ಅದನ್ನು ಮತ್ತೆ ಸುತ್ತಿ, ಡಬ್ಬಿಗೆ ಹಾಕಿ, ನೀನು ತಂದ ಅಣಬೆ ಭರಣಿಗೆ ಒತ್ತಿ ಹಿಡಿದ. ಆ ಹರಳಿಗೆ ತನ್ನದೇ ಒಂದಿಷ್ಟು ಎಣಿಕೆ ಇದೆ, ಲುಟೀಷಿಯಂ ಹುಟ್ಟಿನಿಂದಲೇ ತುಸು ವಿಕಿರಣ ಬಿಡುವ ಲೋಹ. ಬೆಳಿಗ್ಗೆ ಬರೆದಿಟ್ಟುಕೊಂಡ ಆ ಎಣಿಕೆಯನ್ನು ಕಳೆಯುವಷ್ಟು ಬುದ್ಧಿ ಅವನಿಗಿತ್ತು. ಕಿಟಕಿಯ ಬೆಳಕನ್ನು ಕಳೆಯಬೇಕೆಂದು ತಿಳಿದಿರಲಿಲ್ಲ. ನಾನು ಆಗ ಒಳಗೆ ಮೀನು ಹುರಿಯುತ್ತಿದ್ದೆ, ಅಳೆದದ್ದನ್ನು ನೋಡಲಿಲ್ಲ. ಊಟಕ್ಕೆ ಕುಳಿತ ಮೇಲೆ ಅವನು ಹೇಳಿದ್ದನ್ನು ಮಾತ್ರ ಕೇಳಿದೆ.

"ಅತ್ತಿಗೆ, ಇಡೀ ಮೇಜಲ್ಲಿ ಜೀವಂತವಾಗಿರೋದು ನಿಮ್ಮ ಅಣಬೆ ಒಂದೇ ನೋಡಿ" ಎಂದ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ನೀನು ಅಂಕಿ ಕೇಳಿದೆ, ಅವನು ಹೇಳಿದ. ನೀನು ಚಮಚ ಇಟ್ಟು, "ಇದನ್ನೇ ಅಲ್ವಾ ನಾನು ಲುಬೋಶ್‌ಗೆ ಹಾಕಿದ್ದು" ಎಂದೆ. ಹಬ್ಬದ ಆ ರಾತ್ರಿ ಎಲ್ಲರ ಊಟ ಮುಗಿಯುವ ಮೊದಲು ಮೇಜು ಬಿಟ್ಟು ಏಳಬಾರದು, ಎದ್ದರೆ ಕೆಡುಕು ಎಂದು ಚಿಕ್ಕಂದಿನಲ್ಲಿ ಅಮ್ಮ ನಮ್ಮಿಬ್ಬರ ತೊಡೆ ಚಿವುಟಿ ಕೂರಿಸುತ್ತಿದ್ದಳು. ಅಂಥದ್ದರಲ್ಲಿ ನೀನು ಎದ್ದೆ. ನಿನ್ನ ಊರಿನ ಕಾಡಿನ ಅಣಬೆಯಲ್ಲಿ ಚರ್ನೋಬಿಲ್ ಕಾಲದ್ದು ಏನೋ ಇರುತ್ತದೆ ಎಂದು ನಾನೂ ಕೇಳಿ ಬಲ್ಲವಳಾದ್ದರಿಂದ, ಕಾಮಿಲ್ ಅಳೆದದ್ದನ್ನು ಮತ್ತೆ ಪರೀಕ್ಷಿಸಬೇಕೆಂದು ನನಗೆ ತೋಚಲೇ ಇಲ್ಲ. ಅವನು ಆ ಟೀ ಡಬ್ಬಿಯನ್ನು ಶೆಡ್ಡಿಗೆ ಎಸೆದ. ಅಲ್ಲಿಂದ ಇಲ್ಲಿಯವರೆಗೆ ಯಾರೂ ಮುಟ್ಟಿರಲಿಲ್ಲ.

ಇವತ್ತು ಮುಟ್ಟಿದೆವು. ಹೊಸ ಬ್ಯಾಟರಿ ಹಾಕಿ, ಕತ್ತಲಲ್ಲೇ ಬಿದ್ದಿದ್ದ ಆ ಹರಳನ್ನು ಒಂದು ಖಾಲಿ ಭರಣಿಗೆ ಹಿಡಿದೆವು. ಅದರದೇ ಎಣಿಕೆ ಬಿಟ್ಟು ಬೇರೇನೂ ಇಲ್ಲ. ಆಮೇಲೆ ಹರಳನ್ನು ಬಿಚ್ಚಿ ಅದೇ ಕಿಟಕಿಯಲ್ಲಿಟ್ಟೆವು. ಸಂಜೆ ಸುತ್ತಿ, ಅದೇ ಖಾಲಿ ಭರಣಿಗೆ ಹಿಡಿದೆವು. ಆ ಕ್ರಿಸ್‌ಮಸ್ಸಿನ ಅಂಕಿಯನ್ನೂ ದಾಟಿ ಹೋಯಿತು. ಭರಣಿಯಲ್ಲಿ ಅಣಬೆ ಇರಲಿಲ್ಲ, ಅಕ್ಕ. ಗಾಳಿ ಇತ್ತು. ಕಾಮಿಲ್ ಮುಚ್ಚಳ ತೆಗೆದು ಒಳಗೆ ಇನ್ನೊಮ್ಮೆ ಇಣುಕಿದ.

ನನ್ನ ಮಾತನ್ನು ನಂಬಬೇಡ. ನಿನ್ನ ನೆನಪನ್ನೇ ಕೇಳಿಕೋ. ಕಲ್ಲುಸಕ್ಕರೆ ಎಂದೆಯೋ ಇಲ್ಲವೋ? ಕಿಟಕಿಯಲ್ಲಿ ಇಟ್ಟೆಯೋ ಇಲ್ಲವೋ? ಅದು ಅಣಬೆ ಅಳೆಯುವ ಮೊದಲೋ, ಆಮೇಲೋ?

ನೀನು ತಂದ ಭರಣಿ ಇನ್ನೂ ನನ್ನ ಹತ್ತಿರ ಇದೆ. ಎಸೆದುಬಿಡು ಎಂದು ಕಾಮಿಲ್ ಹೇಳಿದ್ದ, ನಾನು ನೆಲಮಾಳಿಗೆಯಲ್ಲಿ ಉಪ್ಪಿನ ಸೌತೆಕಾಯಿಯ ಹಿಂದೆ ಇಟ್ಟಿದ್ದೆ. ನೀನು ಒಪ್ಪಿದರೆ ಅದನ್ನು ಹೊರಗಿನ ವಿಕಿರಣ ತಡೆಯುವ ನಮ್ಮ ಕಾರ್ಖಾನೆಯ ಸೀಸದ ಗೂಡಿನಲ್ಲಿಟ್ಟು ಸರಿಯಾಗಿ ಅಳೆಯುತ್ತೇನೆ. ಪುಡಿ ಮಾಡಿ ಡಬ್ಬಿಗೆ ಸಮವಾಗಿ ತುಂಬಿದರೆ ಒಂದು ದಿನದ ಕೆಲಸ. ಹೂಂ ಎಂದು ಒಂದು ಸಾಲು ಬರೆ.

ನಿನ್ನ ತಂಗಿ,
ಬ್ಲಾಂಕಾ

ತಾ.ಕ.: ಕಾಮಿಲ್ ತಾನೂ ಬರೆಯುತ್ತೇನೆ ಎಂದು ಕುಳಿತು, ಅತ್ತಿಗೆ ಎಂದು ಬರೆದು, ಅಲ್ಲಿಗೇ ಪೆನ್ನು ಇಟ್ಟಿದ್ದಾನೆ. ಅವನ ಕಾಗದಕ್ಕೆ ಕಾಯಬೇಡ.


ವಿಂಪೆರ್ಕ್
ಅಕ್ಟೋಬರ್ 30, 2019

ಬ್ಲಾಂಕಾ,

ಕಾಗದ ಬಂತು. ಒಲೆಗೆ ಹಾಕಲಿಲ್ಲ, ಆಗಿನ್ನೂ ಒಲೆ ಹಚ್ಚಿರಲಿಲ್ಲ.

ಕಲ್ಲುಸಕ್ಕರೆ ಎಂದದ್ದು ಹೌದು. ಕಿಟಕಿಯಲ್ಲಿ ಇಟ್ಟದ್ದೂ ಹೌದು. ಅಣಬೆ ಅಳೆದದ್ದು ಆಮೇಲೆ. ಹಾಗಿರಲಿಲ್ಲ ಎಂದು ನೆನೆಸಿಕೊಳ್ಳಲು ಬಹಳ ಪ್ರಯತ್ನ ಪಟ್ಟೆ, ಆಗಲಿಲ್ಲ.

ಆದರೆ ಖಾಲಿ ಭರಣಿ ಕೂಗಿತು ಎಂಬುದರಿಂದ ಗೊತ್ತಾಗುವುದು ನಿನ್ನ ಗಂಡ ಪೆದ್ದ ಎಂದು. ಅದು ನನಗೆ ನಿನ್ನ ಮದುವೆಯ ದಿನವೇ ಗೊತ್ತಿತ್ತು. ನನ್ನ ಅಣಬೆ ಚೊಕ್ಕ ಎಂದು ಅದರಿಂದ ಹೇಗೆ ಗೊತ್ತಾಗುತ್ತದೆ? ಎಂಬತ್ತಾರರಲ್ಲಿ ಚರ್ನೋಬಿಲ್ ಸ್ಥಾವರ ಸಿಡಿದ ಬೆನ್ನಿಗೇ ಮೇ ತಿಂಗಳ ಮೆರವಣಿಗೆಯಲ್ಲಿ ನಾವೆಲ್ಲ ಮಕ್ಕಳ ಕೈಹಿಡಿದು ನಡೆದೆವು, ಲುಬೋಶ್ ಬಾವುಟ ಹಿಡಿದಿದ್ದ. ಆ ಗಾಳಿಯಲ್ಲಿ ಏನಿದೆ ಎಂದು ಯಾರೂ ಬಾಯಿ ಬಿಡಲಿಲ್ಲ. ಇವತ್ತಿಗೂ ಇಲ್ಲಿ ಕಾಡುಹಂದಿ ಹೊಡೆದರೆ ಅಳೆದ ಮೇಲೆಯೇ ಮಾಂಸ ಕೊಡುತ್ತಾರೆ. ಹಂದಿ ಅದೇ ಕಾಡಿನದ್ದು, ಅಣಬೆಯೂ ಅದೇ ಕಾಡಿನದ್ದು.

ಪ್ರತಿ ಶರತ್ಕಾಲ ನಾನೇ ಆರಿಸಿದೆ, ನಾನೇ ಒಣಗಿಸಿದೆ, ನಾನೇ ಬಡಿಸಿದೆ. ಅವನು ತಟ್ಟೆ ಮುಂದೆ ಮಾಡಿ ಇನ್ನೊಂದು ಸಲ ಹಾಕು ಎಂದಾಗಲೆಲ್ಲ ನನಗೆ ಹೆಮ್ಮೆಯಾಗುತ್ತಿತ್ತು. ಈಗ ನನಗೆ ನಾನು ಕ್ಷಮಿಸಲಾಗದ್ದು ಆ ಹೆಮ್ಮೆಯನ್ನೇ.

ಕಾಡಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಪಕ್ಕದ ಮನೆಯ ಮಾರ್ಟಾ ಬುಟ್ಟಿ ಹಿಡಿದು ಬೇಲಿ ಹತ್ತಿರ ನಿಲ್ಲುತ್ತಾಳೆ. ಮಂಡಿ ನೋವು ಎನ್ನುತ್ತೇನೆ. "ಎರಡು ವರ್ಷದಿಂದ ಮಂಡಿನೋವಾ? ಬಿಯರ್ ಅಂಗಡಿಗೆ ಹೋಗೋವಾಗ ಮಂಡೀನ ಮನೇಲಿ ಬಿಟ್ಟು ಹೋಗ್ತೀಯಾ?" ಎಂದು ಕೇಳಿದಳು ಮೊನ್ನೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ನೀನು ಸಮಾಧಾನಕ್ಕೆ ಸುಳ್ಳು ಹೇಳುವವಳು. ಈಸ್ಟರ್‌ಗೆ ಮನೆಗೆ ಹೋಗಬಹುದು ಎಂದು ಆಸ್ಪತ್ರೆಯಲ್ಲಿ ಅಮ್ಮನಿಗೆ ಹೇಳಿದ್ದು ನೀನೇ. ಅಮ್ಮ ಕೊನೆಯವರೆಗೂ ಚೀಲ ಕಟ್ಟಿಟ್ಟುಕೊಂಡಿದ್ದಳು. ಅದಕ್ಕೇ ಹೇಳುತ್ತೇನೆ, ಅಳೆದು ಏನೂ ಇಲ್ಲ ಎಂದು ಬರೆದರೆ ನಾನು ನಂಬುವುದಿಲ್ಲ.

ಅಳೆಯುವುದಾದರೆ ಅಳೆ. ಆದರೆ ಪುಡಿ ಮಾಡಬೇಡ. ತೊಳೆಯಬೇಡ, ಮುರಿಯಬೇಡ, ಬೇಯಿಸಬೇಡ. ಎಷ್ಟು ಹೋಳು ಇವೆಯೋ ಅಷ್ಟೂ ಭರಣಿಗೆ ವಾಪಸ್ಸು ಹೋಗಬೇಕು. ಹಾಗೆ ಆಗುವುದಿಲ್ಲ ಎಂದಾದರೆ ಅಳೆಯುವುದೇ ಬೇಡ.

ಆಲೆನಾ

ತಾ.ಕ.: ಭರಣಿಗೆ ಹುಳು ಬಿದ್ದಿದೆಯೇ ನೋಡು. ನೆಲಮಾಳಿಗೆಯಲ್ಲಿ ತೇವ ಇರುತ್ತದೆ, ಅಡುಗೆಮನೆಯ ಮೇಲಿನ ಗೂಡಿನಲ್ಲಿಡು.


ಟುರ್ನೊವ್
ನವೆಂಬರ್ 24, 2019

ಪ್ರೀತಿಯ ಅಕ್ಕ,

ಹುಳು ಬಿದ್ದಿಲ್ಲ. ಮುಚ್ಚಳ ಎಷ್ಟು ಬಿಗಿಯಿತ್ತೆಂದರೆ ಕಾಮಿಲ್ ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ತಿರುಗಿಸಬೇಕಾಯಿತು. ತೆಗೆದ ಕೂಡಲೇ ಅಡುಗೆಮನೆ ತುಂಬ ನಿಮ್ಮ ಕಾಡಿನ ವಾಸನೆ. ನನಗೆ ಅಳು ಬಂತು, ಅಡಗಿಸುವುದೇಕೆ.

ಪುಡಿ ಮಾಡಬಾರದು ಎಂದದ್ದರಿಂದ ನನಗೆ ಕೆಲಸ ಹೆಚ್ಚಾಯಿತು. ಹೋಳುಗಳ ನಡುವೆ ಸಂದು ಉಳಿದರೆ ಲೆಕ್ಕ ಕೆಡುತ್ತದೆ, ಆದ್ದರಿಂದ ಒಂದೊಂದನ್ನೇ ಇಕ್ಕಳದಲ್ಲಿ ಎತ್ತಿ ಅಗಲವಾದ ಡಬ್ಬಿಯಲ್ಲಿ ಹಾಸಿದೆವು. ಸೀಸದ ಗೂಡನ್ನು ವಾರಾಂತ್ಯಕ್ಕೆ ಬೇಕು ಎಂದು ನಮ್ಮ ಮುಖ್ಯಸ್ಥರನ್ನು ಕೇಳಿದಾಗ, "ಅಣಬೆಗಾ? ಮೊಟ್ಟೆನೂ ತಗೊಂಬಂದ್ರೆ ಸೋಮವಾರ ಆಮ್ಲೆಟ್ ಮಾಡ್ಕೋಬಹುದು" ಎಂದರು. ಆಮೇಲೆ ಕಾರಣ ಹೇಳಿದೆ. ಆಗ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು ಹೋದರು.

ಹೋಳುಗಳನ್ನು ಹಾಸುವಾಗ ದಾಶಾ ಜೊತೆಗಿದ್ದಳು. ನೀನು ನನ್ನನ್ನು ನಂಬುವುದಿಲ್ಲ ಎಂದಿದ್ದಕ್ಕೆ ಸಾಕ್ಷಿಗೆಂದು ಕರೆದೆ. ಒಂದು ಮಾತು ಕೇಳಲೇ? ನಿನ್ನ ಚಾಕು ಮೊಂಡಾಗಿದೆಯೋ, ಕಣ್ಣು ಮಂಜಾಗಿದೆಯೋ? ಕೆಲವು ಹೋಳು ಕಾಗದದಷ್ಟು ತೆಳು, ಅದು ನಿನ್ನ ಕೈ ಎಂದು ಯಾರಾದರೂ ಹೇಳಬಹುದು. ಇನ್ನು ಕೆಲವು ಬೂಟಿನ ಅಟ್ಟೆಯಂತಿವೆ, ಒಂದು ಕಡೆ ದಪ್ಪ, ಒಂದು ಕಡೆ ಚೂಪು, ತೊಟ್ಟಿಗೆ ಮಣ್ಣು ಕೂಡ ಅಂಟಿದೆ. "ನಿಮ್ಮಕ್ಕ ಇದನ್ನ ಕೊಡಲೀಲಿ ಕಡಿದ್ಲಾ?" ಎಂದು ದಾಶಾ ಕೇಳಿದಳು. ಇಬ್ಬರೂ ನಕ್ಕೆವು. ಅಂಥವನ್ನೂ ಒಂದು ಬಿಡದೆ ವಾಪಸ್ಸು ತುಂಬಿದ್ದೇನೆ, ಹೆದರಬೇಡ.

ಹರಳನ್ನು ಶುಕ್ರವಾರವಲ್ಲ, ಗುರುವಾರವೇ ಮಲಗಿಸಿದ್ದೆ. ಕೋಣೆಯ ಕಿಟಕಿಗೆ ಪರದೆಯ ಮೇಲೆ ಕಂಬಳಿಯನ್ನೂ ಹೊಡೆದೆ, ದಾಶಾ ಹುಚ್ಚಿ ಎಂದಳು. ಇದು ಕಾಮಿಲ್‌ನ ಟೀ ಡಬ್ಬಿಯಂತೆ ಬಂದದ್ದನ್ನೆಲ್ಲ ಒಟ್ಟಿಗೆ ಎಣಿಸುವ ಸಾಧನವಲ್ಲ. ಪ್ರತಿ ಮಿನುಗು ಎಷ್ಟು ಜೋರಿದೆ ಎಂದು ನೋಡಿ ಬೇರೆಬೇರೆ ಮಾಡುತ್ತದೆ. ಎಂಬತ್ತಾರರಲ್ಲಿ ಬಂದು ಬಿದ್ದ ಸೀಸಿಯಂನ ಮಿನುಗಿಗೆ ಅದರದೇ ಜೋರು ಇದೆ, ಗುಂಪಿನಲ್ಲಿ ಗುರುತಿನವರ ದನಿ ತಿಳಿಯುವ ಹಾಗೆ ತಿಳಿಯುತ್ತದೆ.

ಸೋಮವಾರ ಬೆಳಿಗ್ಗೆ ಅಂಕಿ ಬಂತು. ಮನೆಗೆ ತಂದು ಕಾಮಿಲ್‌ಗೆ ತೋರಿಸಿದೆ. ನೋಡಿ ಹಾಳೆಯನ್ನು ನನ್ನ ಕಡೆಗೆ ತಳ್ಳಿದ.

"ಸೊನ್ನೆ ಅಂತ ಬರೆದ್ಬಿಡು. ಇಷ್ಟಕ್ಕೆ ಅವ್ರು ಮತ್ತೆ ನಿದ್ದೆಗೆಡೋದ್ಯಾಕೆ?"

"ಸೊನ್ನೆ ಅಂದ್ರೆ ನಂಬಲ್ಲ ಅವಳು."

"ನಂಬ್ತಾರೆ, ನೀನು ಹೇಳಿದ್ರೆ."

"ನಾನು ಹೇಳಿದ್ರೇನೇ ನಂಬಲ್ಲ. ಅಮ್ಮನಿಗೆ ಹೇಳಿದ್ದನ್ನ ಇನ್ನೂ ಮರ್ತಿಲ್ಲ ಅವಳು. ಸರಿಯಾಗೇ ಇದೆ ಬಿಡು."

ಹಾಗಾಗಿ ಇದ್ದದ್ದನ್ನು ಬರೆಯುತ್ತೇನೆ. ನಿನ್ನ ಅಣಬೆಯಲ್ಲಿ ಸೀಸಿಯಂ ಇದೆ. ಸೊನ್ನೆ ಅಲ್ಲ. ಆ ಕಾಡಿನ ಯಾವ ಅಣಬೆಯಲ್ಲೂ ಸೊನ್ನೆ ಇರುವುದಿಲ್ಲ, ಮಾರ್ಟಾಳ ಬುಟ್ಟಿಯಲ್ಲೂ ಇಲ್ಲ. ಅಂಕಿಗಳನ್ನು ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ, ಕೆಳಗೆ ದಾಶಾ ಸಹಿ ಮಾಡಿದ್ದಾಳೆ. ಮಾತಿನಲ್ಲಿ ಹೇಳುವುದಾದರೆ ಇಷ್ಟು: ಆ ಭರಣಿ ಪೂರ್ತಿ ಒಬ್ಬನೇ ತಿಂದು ಮುಗಿಸಿದರೂ, ನಿಮ್ಮ ಕಲ್ಲುನೆಲದ ಮನೆಯಲ್ಲಿ ಎರಡು ದಿನ ಮಲಗಿ ಎದ್ದಷ್ಟು. ಅಲ್ಲಿ ನೆಲದಿಂದಲೇ ವಿಕಿರಣದ ಗಾಳಿ ಏಳುತ್ತದೆ, ಅದು ಚರ್ನೋಬಿಲ್‌ಗೂ ಮುಂಚಿನಿಂದ ಇದ್ದದ್ದು. ಹಳೆಯ ವರ್ಷಗಳಲ್ಲಿ ಅಣಬೆಯಲ್ಲಿ ಹೆಚ್ಚಿತ್ತು ಎಂದು ನೀನು ಕೇಳಿಯೇ ಕೇಳುತ್ತೀ. ಆಗಿನದ್ದಕ್ಕೆ ಕೈಬಿಚ್ಚಿ ಹೆಚ್ಚಿಗೆ ಹಾಕಿ, ಭಾವ ಎರಡೆರಡು ಸಲ ಹಾಕಿಸಿಕೊಂಡದ್ದನ್ನೂ ಸೇರಿಸಿ ಕೂಡಿದೆ. ಆಯುಷ್ಯಪೂರ್ತಿ ತಿಂದದ್ದು ಆ ಮನೆಯಲ್ಲಿ ಒಂದೆರಡು ವರ್ಷ ಉಸಿರಾಡಿದ್ದಕ್ಕೆ ಸಮ. ನೀನೂ ಅದನ್ನೇ ತಿಂದವಳು, ನಿನ್ನ ಮಂಡಿಗೂ ಏನೂ ಆಗಿಲ್ಲ, ಮಾರ್ಟಾ ಹೇಳುವ ಪ್ರಕಾರ.

ಲಿಬೆರೆಟ್ಸ್‌ನಲ್ಲಿ ರಕ್ತದ ಕಾಯಿಲೆ ನೋಡುವ ಒಬ್ಬ ಡಾಕ್ಟರಮ್ಮನ ಹತ್ತಿರವೂ ಹಾಳೆ ತೆಗೆದುಕೊಂಡು ಹೋಗಿದ್ದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಒಬ್ಬ ಮನುಷ್ಯನಿಗೆ ಯಾಕೆ ಬಂತು ಅಂತ ಆಣೆ ಮಾಡಿ ಹೇಳೋಕೆ ನನ್ನಿಂದಾಗಲ್ಲಮ್ಮ. ಆದ್ರೆ ಕಾರಣ ಹುಡುಕು ಅಂತ ನನ್ನ ಕೂರ್ಸಿದ್ರೆ, ಸೂಪಿನ ಪಾತ್ರೆ ಕಡೆ ನಾನು ತಿರುಗಿಯೂ ನೋಡಲ್ಲ. ಸಿಗರೇಟು ಸೇದ್ತಿದ್ರಾ ಅಂತ ಮೊದಲು ಕೇಳ್ತೀನಿ." ಭಾವ ಕಾಡಿಗೆ ಹೋಗುವಾಗಲೂ ಬಾಯಲ್ಲಿ ಹೊಗೆ ಇಟ್ಟುಕೊಂಡೇ ಹೋಗುತ್ತಿದ್ದ ಎಂದೆ. ಅವರು ಹಾಳೆಯನ್ನು ಮಡಿಸಿ ವಾಪಸ್ಸು ಕೊಟ್ಟರು.

ಇಷ್ಟೇ ನನ್ನ ಹತ್ತಿರ ಇರುವುದು. ನಿನ್ನ ಮೇಲೆ ತಪ್ಪಿಲ್ಲ ಎಂದು ನಾನು ಹೇಳಿದರೆ ಸಮಾಧಾನಕ್ಕೆ ಎನ್ನುತ್ತೀ. ಹಾಳೆ ನೋಡು, ನೀನೇ ಹೇಳಿಕೋ.

ಈ ಸಲ ಹಬ್ಬಕ್ಕೆ ಬಾ. ಹೋದ ಹಬ್ಬಕ್ಕೆ ನಾನು ಬಾರ್ಲಿ-ಅಣಬೆಯ ಕುಬಾ ಮಾಡಲಿಲ್ಲ. ಬಾರ್ಲಿ ಇತ್ತು, ಬೆಳ್ಳುಳ್ಳಿ ಇತ್ತು, ಮರುಗ ಇತ್ತು, ಅಂಗಡಿಯ ಅಣಬೆ ಹಾಕಿ ಮಾಡಲು ಮನಸ್ಸು ಬರಲಿಲ್ಲ. ಅನಿರೀಕ್ಷಿತ ಅತಿಥಿಗೆಂದು ಒಂದು ತಟ್ಟೆ ಹೆಚ್ಚಿಗೆ ಇಡುತ್ತೇವಲ್ಲ, ಅದನ್ನು ನೀನು ಕೂರುತ್ತಿದ್ದ ಕಡೆಯೇ ಇಟ್ಟಿದ್ದೆ.

ನಿನ್ನ,
ಬ್ಲಾಂಕಾ

ತಾ.ಕ.: ಪುಡಿ ಮಾಡಬೇಡ ಎಂದೆಯಲ್ಲ, ಏಕೆಂದು ಹೇಳಲೇ ಇಲ್ಲ. ಹೇಗೂ ಬಾರ್ಲಿಯೊಳಗೆ ಬೇಯುವುದಕ್ಕೆ ಅಷ್ಟು ಜೋಪಾನವೇ? ನಾವು ಕದಿಯುತ್ತೇವೆ ಎಂದು ಎಣಿಸಿಟ್ಟಿದ್ದೆಯೋ ಏನೋ ಎಂದು ಕಾಮಿಲ್ ಕೇಳುತ್ತಿದ್ದಾನೆ.


ವಿಂಪೆರ್ಕ್
ಡಿಸೆಂಬರ್ 9, 2019

ಬ್ಲಾಂಕಾ,

ಹಾಳೆ ನೋಡಿದೆ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಮಾರ್ಟಾಳ ಗಂಡನಿಗೂ ತೋರಿಸಿದೆ, ಕೂಡಿದ್ದು ಸರಿಯಾಗಿದೆ ಎಂದ. ದಾಶಾಳ ಸಹಿ ಡಾಕ್ಟರ ಸಹಿಯಂತಿದೆ, ಏನೂ ಓದಲಾಗುವುದಿಲ್ಲ.

ಸೊನ್ನೆ ಎಂದು ಬರೆದಿದ್ದರೆ ಕಾಗದವನ್ನು ಮಡಿಸಿ ಒಲೆಗೆ ಹಾಕುತ್ತಿದ್ದೆ. ಈ ಸಲ ಒಲೆ ಹಚ್ಚಿಟ್ಟುಕೊಂಡೇ ಲಕೋಟೆ ಒಡೆದೆ. ಇದೆ, ಇಷ್ಟಿದೆ ಎಂದು ಬರೆದಿದ್ದೀ. ಅದನ್ನು ಓದಿ ಮೇಜಿಗೆ ತಲೆಯಿಟ್ಟು ಅತ್ತೆ. ಮಾರ್ಟಾ ಬೇಲಿಯಿಂದ ನೋಡಿ ಓಡಿ ಬಂದಳು, ಯಾರಾದರೂ ಸತ್ತರೇನೋ ಎಂದುಕೊಂಡು. ಇಲ್ಲ, ಯಾರೂ ಸತ್ತಿಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ಕುಳಿತು ನನ್ನ ಕಾಫಿ ಕುಡಿದು ಹೋದಳು.

ಕೆಳಕೋಣೆಯ ಕಿಟಕಿಯನ್ನು ದಿನವೂ ತೆಗೆದಿಡುತ್ತಿದ್ದೇನೆ, ನೀನು ನೆಲದ ಗಾಳಿಯ ಮಾತು ಬರೆದ ಮೇಲೆ. ಚಳಿ ಕೊರೆಯುತ್ತದೆ. ನೆಗಡಿಯಾದರೆ ಅದು ನಿನ್ನ ಲೆಕ್ಕಕ್ಕೆ.

ಮೊನ್ನೆ ಕಾಡಿಗೂ ಹೋಗಿಬಂದೆ. ಈಗ ಅಣಬೆ ಇಲ್ಲ, ಹಿಮ ಇದೆ. ಲುಬೋಶ್ ಸಿಗರೇಟು ಹಚ್ಚಲು ಕೂರುತ್ತಿದ್ದ ಕಲ್ಲಿನವರೆಗೆ ಹೋದೆ, ಚೆನ್ನಾಗಿ ಬೈದೆ, ವಾಪಸ್ಸು ಬಂದೆ. ಮಂಡಿ ನೋಯಲಿಲ್ಲ.

ಇಪ್ಪತ್ತಮೂರರ ಮಧ್ಯಾಹ್ನದ ರೈಲಿಗೆ ಬರುತ್ತೇನೆ. ಕಾಮಿಲ್ ಸ್ಟೇಷನ್ನಿಗೆ ಬರಲಿ, ಎಂದಿನಂತೆ ಮಾತಾಡಲಿ, ಮುಖ ಇಳಿಬಿಟ್ಟುಕೊಂಡು ನಿಲ್ಲುವುದು ಬೇಡ. ಆ ದಿನ ಅವನು ಹರಳನ್ನು ಕೈಗೆ ಕೊಟ್ಟದ್ದು ನನ್ನನ್ನು ನಗಿಸಲು ಎಂದು ನನಗೆ ಗೊತ್ತಿತ್ತು. ಈ ಸಲವೂ ತೋರಿಸಲಿ. ಆಮೇಲೆ ಮಲಗಿಸಲಿ.

ಅಣಬೆಯನ್ನು ರಾತ್ರಿಯೇ ನೆನೆಹಾಕಬೇಡ, ನಾನು ಬಂದ ಮೇಲೆ ಹಾಕೋಣ. ನೆನೆಸಿದ ನೀರು ಚೆಲ್ಲಬೇಕು, ಸೂಪಿಗೆ ಆಗುತ್ತದೆ ಎಂದು ಎತ್ತಿಡುವ ನಿನ್ನ ಜಿಪುಣತನ ಈ ಸಲ ಬೇಡ.

ನಿನ್ನ ಅಕ್ಕ,
ಆಲೆನಾ

ತಾ.ಕ.: ಏಕೆ ಪುಡಿ ಮಾಡಬಾರದು ಎಂದು ಕೇಳಿದ್ದೀ. ಭರಣಿ ತೆಗೆದು ಇನ್ನೊಮ್ಮೆ ನೋಡು. ತೆಳುವಾದವು ನನ್ನವು. ದಪ್ಪಗೆ, ಸೊಟ್ಟಗೆ, ಮಣ್ಣು ಅಂಟಿಕೊಂಡಿರುವವು ಲುಬೋಶ್ ಹೆಚ್ಚಿದ್ದು. ಆಸ್ಪತ್ರೆಗೆ ಸೇರುವ ಹಿಂದಿನ ಭಾನುವಾರ. ಚಾಕು ಜಾರುತ್ತಿತ್ತು, ಇತ್ತ ಕೊಡು ಎಂದರೆ ಕೊಡಲಿಲ್ಲ, "ನಿನ್ನ ಹೋಳು ಹಲ್ಲಿಗೆ ಸಿಗೋಷ್ಟೂ ದಪ್ಪ ಇರಲ್ಲ, ಈ ವರ್ಷ ನಾನು ಹೆಚ್ತೀನಿ" ಎಂದ. ಮನೆಯಲ್ಲಿದ್ದ ಬೇರೆ ಭರಣಿಗಳನ್ನೆಲ್ಲ ಆ ಕ್ರಿಸ್‌ಮಸ್ ಮುಗಿಸಿ ಬಂದ ಮೇಲೆ ಗುಂಡಿ ತೋಡಿ ಹೂತುಬಿಟ್ಟೆ. ಉಳಿದಿರುವುದು ನಿನ್ನಲ್ಲಿರುವುದೊಂದೇ. ಕುಬಾಕ್ಕೆ ನನ್ನ ಹೋಳು ಹಾಕು. ಅವನದ್ದು ಒಂದನ್ನು ನನ್ನ ತಟ್ಟೆಗೆ ಬಡಿಸು, ಒಂದನ್ನು ಕಾಮಿಲ್ ತಟ್ಟೆಗೆ. ಉಳಿದವನ್ನು ನಾನು ಮನೆಗೆ ತರುತ್ತೇನೆ.